ಬಣ್ಣದ ಮೀನಿನ ಅಂಗಡಿಗೆ ಬಂದ ಲಕೋಟೆ

ಫೆಬ್ರವರಿ 11, ಮಧ್ಯಾಹ್ನ

ಊಟದ ಹೊತ್ತಿಗೇ ಇನ್ನೂರ ಹತ್ತು ಹಾಸಿಗೆ ಹಾಸು ಮುಗಿದವು. ಹೋಟೆಲಿನ ಲಾಂಡ್ರಿಯಲ್ಲಿ ಬಿಳಿ ಬಿಟ್ಟರೆ ಬೇರೆ ಬಣ್ಣವಿಲ್ಲ. ಆ ತುದಿ ಇಸ್ತ್ರಿ ಅಜ್ಜನದು, ಈ ತುದಿ ನನ್ನದು. ಜಗ್ಗು, ಮಡಿಸು, ಎದುರಿಗೆ ನಡೆ, ತುದಿಗೆ ತುದಿ ಕೂಡಿಸು, ಮತ್ತೆ ಹಿಂದಕ್ಕೆ. ಹಬೆಯಲ್ಲಿ ಅಜ್ಜನ ಮುಖ ಒಮ್ಮೆ ಇರುತ್ತದೆ, ಒಮ್ಮೆ ಇರುವುದಿಲ್ಲ. ನಿದ್ದೆಯಲ್ಲಿ ಯಾರ ಜೊತೆಗೋ ಕುಣಿಯುತ್ತಿರುವ ಹಾಗೆ. ಅಜ್ಜನಿಗೆ ಹೇಳಿದೆ. ಕುಣಿಯುವ ಕಾಲಿದ್ದಿದ್ದರೆ ಇಲ್ಲಿಗೇಕೆ ಬರುತ್ತಿದ್ದೆ ಎಂದ.

ಮನೆ ದಲ್ಲಾಳಿಯ ಫೋನು. ನೆಲಮಹಡಿಯ ಮನೆಯೊಂದು ವರ್ಷದ ಕೊನೆಗೆ ಖಾಲಿಯಾಗುತ್ತದಂತೆ. ಮುಂದೆ ಅಂಗೈಯಗಲ ಅಂಗಳ. ಒಂದೇ ಮೆಟ್ಟಿಲು. ಈಗಿನ ಮೂವತ್ತೆಂಟು ಮೆಟ್ಟಿಲಿಗೆ ಅಕ್ಕನ ಮಂಡಿ ಸೋತುಹೋಗಿದೆ. ಆದರೆ ಮಾಲೀಕರು ದಿವಾಳಿಯಾದವರಿಗೆ ಮನೆ ಕೊಡುವುದಿಲ್ಲ. ಹೇಗಾದರೂ ಒಂದು ಕ್ರೆಡಿಟ್ ಕಾರ್ಡು ಮಾಡಿಸಿ, ಆರು ತಿಂಗಳು ತಪ್ಪದೆ ಕಟ್ಟಿ, ಆ ದಾಖಲೆ ತನ್ನಿ, ಆಮೇಲೆ ನಾನು ಮಾತಾಡುತ್ತೇನೆ ಎಂದ.

ಕ್ರೆಡಿಟ್ ಕಾರ್ಡು. ನನಗೆ. ಹಾಸಿನ ಹಿಂದೆ ಮುಖ ಮುಚ್ಚಿಕೊಂಡು ನಕ್ಕೆ.

ಫೆಬ್ರವರಿ 12

ಅಕ್ಕನಿಗೆ ಹೇಳಲಿಲ್ಲ. ಯಾವ ಬಾಯಲ್ಲಿ ಹೇಳಲಿ?

ನನ್ನ ದೀಪದಂಗಡಿಯ ಸಾಲಕ್ಕೆ ಜಾಮೀನು ಹಾಕು ಅಂದಿದ್ದೆ. ಓದದೆ ಸಹಿ ಹಾಕಿದಳು. ಅಂಗಡಿ ಮುಳುಗಿತು. ಕೋರ್ಟು ನನ್ನನ್ನು ದಿವಾಳಿ ಎಂದಿತು, ನನ್ನ ಬಾಕಿ ಮನ್ನಾ ಆಯಿತು. ಜಾಮೀನು ಹಾಕಿದವಳದು ಆಗಲಿಲ್ಲ. ಇಪ್ಪತ್ತಾರು ವರ್ಷ ಮಕ್ಕಳಿಗೆ ಲೆಕ್ಕ ಕಲಿಸಿ ಕಟ್ಟಿಸಿದ ಮನೆ ಹೋಯಿತು. ಈಗ ಟೈರ್ ಅಂಗಡಿಯ ಮೇಲೆ ಎರಡು ಕೋಣೆ, ರಬ್ಬರಿನ ವಾಸನೆ, ನಾವಿಬ್ಬರು. ಐದು ವರ್ಷದಲ್ಲಿ ಅವಳು ಆ ಬಗ್ಗೆ ಒಂದು ಮಾತು ಆಡಿಲ್ಲ. ಆಡಿದ್ದರೆ ಚೆನ್ನಾಗಿತ್ತು.

ಫೆಬ್ರವರಿ 19

ಎರಡು ಬ್ಯಾಂಕು ಆಗಲೇ ಆಗುವುದಿಲ್ಲ ಎಂದುಬಿಟ್ಟಿವೆ. ಇದು ಮೂರನೆಯದು. ಕೌಂಟರಿನ ಹುಡುಗಿಗೆ ಸಣ್ಣ ದನಿ. ಠೇವಣಿ ಇಟ್ಟರೆ ಅದರ ಮೇಲೊಂದು ಕಾರ್ಡು ಕೊಡುತ್ತಾರಂತೆ. ಅಂದರೆ ನನ್ನ ದುಡ್ಡು ಅವರಲ್ಲಿ, ಅಷ್ಟೇ ದುಡ್ಡಿನ ನಂಬಿಕೆ ನನ್ನ ಮೇಲೆ. ಇರಲಿ. ನಂಬಿಕೆಯನ್ನು ಎಲ್ಲಿಂದಾದರೂ ಶುರು ಮಾಡಬೇಕಲ್ಲ.

ಹಿಂದೆ ದಿವಾಳಿಯಾಗಿದ್ದೀರಾ ಎಂಬ ಪ್ರಶ್ನೆಗೆ ಎರಡು ಚೌಕ. ಪೆನ್ನು ಎಷ್ಟು ಒತ್ತಿದೆನೆಂದರೆ 'ಹೌದು' ಕೆಳಗಿನ ಹಾಳೆಗೂ ಅಚ್ಚಾಯಿತು. ಅಲ್ಲಿಂದ ಮುಂದೆ ಕೈ ತಾನಾಗಿ ಓಡಿತು. ಹೆಸರು, ಹುಟ್ಟಿದ ದಿನ, ವಿಳಾಸ, ಸಹಿ. ಫಾರಂ ತುಂಬುವುದರಲ್ಲಿ ನನ್ನನ್ನು ಮೀರಿಸಿದವರಿಲ್ಲ ಎಂದು ಜಂಬವೇ ಬಂತು.

ಫೆಬ್ರವರಿ 23, ನಸುಕು

ಕನಸು. ಅಂಗಡಿಯ ದೀಪಗಳೆಲ್ಲ ಸೂರಿನಿಂದ ಇಳಿದು ಬೀದಿಯಲ್ಲಿ ತೇಲುತ್ತಿದ್ದವು. ನಾನೇ ತಂತಿ ಬಗ್ಗಿಸಿ ಬಟ್ಟೆ ಹೊಲಿದ ಶೇಡುಗಳು. ಹಳದಿಯದು, ಕುಂಕುಮದ ಬಣ್ಣದ್ದು, ಒಂದು ಕಡೆ ಸೊಟ್ಟಗಾದದ್ದು. ಯಾವುದಕ್ಕೂ ವೈರೇ ಇಲ್ಲ, ಆದರೂ ಉರಿಯುತ್ತಿವೆ. ಅಕ್ಕ ಅವುಗಳ ಕೆಳಗೆ ಕಾಪಿ ಪುಸ್ತಕ ತಿದ್ದುತ್ತಾ ನಡೆಯುತ್ತಿದ್ದಳು. ಕರೆದೆ. ಕೇಳಿಸಲಿಲ್ಲ.

ಎದ್ದಾಗ ಪಕ್ಕದಲ್ಲಿ ಸಣ್ಣಗೆ ಗೊರಕೆ ಹೊಡೆಯುತ್ತಿದ್ದಳು. ಸಮಾಧಾನ.

ಮಾರ್ಚ್ 4

ಮೆಸೇಜು. 'ನಿಮ್ಮ ಅರ್ಜಿ ಮಂಜೂರಾಗಿದೆ.'

ಹಬೆಯಲ್ಲಿ ಫೋನಿನ ಗಾಜು ಮಸುಕಾಗುತ್ತಲೇ ಇತ್ತು. ಒರೆಸಿ ಓದಿದೆ, ಮತ್ತೆ ಒರೆಸಿ ಓದಿದೆ. ಯಂತ್ರ ಕಳಿಸಿದ್ದು, ಗೊತ್ತು. ಆದರೂ ಯಾರೋ ಹೂಂ ಅಂದರಲ್ಲ… ಹಾಸಿನ ತುದಿ ಕೈಯಿಂದ ಜಾರಿ ನೆಲಕ್ಕೆ ಬಿತ್ತು. ಅಜ್ಜ ಬೈದ. ಬೈಗುಳ ದೂರದಿಂದ ಬಂದಂತಿತ್ತು. ಸಂಜೆ ಮನೆಗೆ ನಡೆದೇ ಹೋದೆ, ಬಸ್ಸು ಹಿಡಿಯುವುದು ಮರೆತು.

ಮಾರ್ಚ್ 11

ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಪೋಸ್ಟಿನವನನ್ನು ಕಾಯುತ್ತಿದ್ದೇನೆ. ಅಕ್ಕನ ಕೈಗೆ ಸಿಗಬಾರದು. ಬರಲೇ ಇಲ್ಲ. ಬ್ಯಾಂಕಿಗೆ ಫೋನ್ ಮಾಡಿದರೆ ಆರನೇ ತಾರೀಕೇ ತಲುಪಿದೆ ಎಂದರು. ಎಲ್ಲಿಗೆ? ವಿಳಾಸ ಓದಿದರು.

ಅದು ದೀಪದಂಗಡಿಯದು. ಹನ್ನೊಂದು ವರ್ಷ ಎಲ್ಲ ಕಾಗದಕ್ಕೂ ಅದನ್ನೇ ಬರೆದ ಕೈ, ಕೇಳದೆ ಬರೆದುಬಿಟ್ಟಿದೆ. ಜಂಬ ಬೇರೆ.

ಮಾರ್ಚ್ 12

ಆ ಬೀದಿಗೆ ಹೋಗಲಾರೆ. ಐದು ವರ್ಷದಿಂದ ಎರಡು ಸ್ಟಾಪು ಸುತ್ತಿಕೊಂಡು ಓಡಾಡುತ್ತಿದ್ದೇನೆ. ಕಾರ್ಡು ರದ್ದು ಮಾಡಿಸಿ ಬೇರೆ ಕೇಳಲೇ? ವಿಳಾಸವೇ ತಪ್ಪು ಬರೆದವಳಿಗೆ ಇನ್ನೊಂದು ಕೊಡುತ್ತಾರೆಯೇ…

ಮಾರ್ಚ್ 15, ಸಂಜೆ 6

ಹೋದೆ. ಇವತ್ತು ಅಕ್ಕ ಹದಿನೇಳನೇ ಮೆಟ್ಟಿಲಿನಲ್ಲಿ ಕೂತುಬಿಟ್ಟಿದ್ದಳು, ಬೀದಿ ನೋಡ್ತಿದೀನಿ ಅಂತ ಸುಳ್ಳು ಹೇಳುತ್ತಾ. ಅಲ್ಲಿ ಬರೀ ಗೋಡೆ. ಅದನ್ನು ಕಂಡಮೇಲೆ ಕಾಲು ತಾನೇ ಹೊರಟಿತು.

ನನ್ನ ಅಂಗಡಿ ಈಗ ಬಣ್ಣದ ಮೀನಿನ ಅಂಗಡಿ. ಗೋಡೆಯುದ್ದಕ್ಕೂ ಗಾಜಿನ ತೊಟ್ಟಿ, ನೀಲಿ ಬೆಳಕು, ಗುಳುಗುಳು ಸದ್ದು. ನನ್ನ ಮೇಜಿದ್ದ ಕಡೆ ಉದ್ದ ಬಾಲದ ಬಿಳಿ ಮೀನೊಂದು ಸುಮ್ಮನೆ ನಿಂತಿತ್ತು. ಒಳಗೆ ಕಾಲಿಟ್ಟಾಗ ನೀರಿಗೇ ಇಳಿದೆ ಅನಿಸಿತು.

ಮೀನಿನ ಯಜಮಾನರ ತೋಳು ಮೊಣಕೈವರೆಗೆ ಒದ್ದೆ. ಹೆಸರು ಹೇಳಿದ ಕೂಡಲೇ ಗುರುತು ಹಿಡಿದರು. ಮೊದಲ ವರ್ಷವೆಲ್ಲ ವಸೂಲಿಯವರ ಕಾಗದ ಬರುತ್ತಿದ್ದವಂತೆ, ಎಲ್ಲ ವಾಪಸು ಕಳಿಸಿದರಂತೆ. ಇದು ಮಾತ್ರ ಮುಟ್ಟಿದರೆ ಗಟ್ಟಿಯಾಗಿತ್ತು, ಒಳ್ಳೇ ಸುದ್ದಿ ಇರಬಹುದು ಅಂತ ಇಟ್ಟುಕೊಂಡರಂತೆ. ಮೀನಿನ ಮೇವಿನ ಡಬ್ಬಗಳ ನಡುವಿನಿಂದ ಲಕೋಟೆ ತೆಗೆದು, ಕೈ ಒರೆಸಿಕೊಂಡು ಕೊಟ್ಟರು.

"ನಿಮ್ಮ ದೀಪದ ಕೊಕ್ಕೆ ಒಂದನ್ನೂ ಕಿತ್ತಿಲ್ಲಮ್ಮಾ" ಅಂದರು. "ನನ್ನ ಲೈಟೆಲ್ಲ ಅದರಲ್ಲೇ ತೂಗ್ತಿವೆ."

ತಲೆಯೆತ್ತಿ ನೋಡಿದೆ. ಹೌದು. ಅಲ್ಲೇ ಅತ್ತುಬಿಟ್ಟೆ, ನಾಚಿಕೆಯಿಲ್ಲದೆ. ಅವರು ಮೀನುಗಳ ಕಡೆ ತಿರುಗಿಕೊಂಡು ನಿಂತರು. ದೊಡ್ಡ ಮನುಷ್ಯ.

ಮಾರ್ಚ್ 16, ಬೆಳಿಗ್ಗೆ

ಹೇಳಿಬಿಟ್ಟೆ. ಅಕ್ಕ ಚಹಾ ಸೋಸುತ್ತಿದ್ದಳು. ಲಕೋಟೆ ಮೇಜಿನ ಮೇಲಿಟ್ಟು ಬ್ಯಾಂಕು, ದಲ್ಲಾಳಿ, ನೆಲಮಹಡಿ, ಮೀನು ಎಲ್ಲ ಒಂದೇ ಉಸಿರಿಗೆ ಹೇಳಿದೆ. ಠೇವಣಿಯ ವಿಷಯ ಹೇಳಿದೆನೋ ಇಲ್ಲವೋ, ನೆನಪಿಲ್ಲ.

ಚಹಾ ಬಿಟ್ಟು ಕೂತಳು. ಬೈಯಲಿ ಅಂದುಕೊಂಡೆ. ಐದು ವರ್ಷದ್ದೆಲ್ಲ ಸೇರಿಸಿ ಬೈಯಲಿ. ಲಕೋಟೆ ಬಿಡಿಸಿದಳು. ಕಾರ್ಡನ್ನು ಮುಟ್ಟಲಿಲ್ಲ. ಜೊತೆಗಿದ್ದ ಹಾಳೆಗಳನ್ನು ಒಂದೊಂದಾಗಿ ತಿರುಗಿಸಿದಳು, ಹಿಂದೆ, ಮುಂದೆ, ಮತ್ತೆ ಹಿಂದೆ. ಏನೋ ಸಿಗಲಿಲ್ಲ. ಗೋಡೆ ಹಿಡಿದುಕೊಂಡು ಎದ್ದು ಹೋಗಿ ಕನ್ನಡಕ ತಂದಳು. ಪೆನ್ನೂ ತಂದಳು.

"ನಾನು ಎಲ್ಲಿ ಸಹಿ ಹಾಕ್ಬೇಕೇ?" ಅಂದಳು.

ಮುಖ ತೊಳೆದು ಬರುತ್ತೇನೆ ಎಂದು ಒಳಗೆ ಬಂದುಬಿಟ್ಟೆ. ಬಂದು ಇದನ್ನು ಬರೆಯುತ್ತಿದ್ದೇನೆ, ಹುಚ್ಚಿಯ ಹಾಗೆ. ಬಾಗಿಲ ಸಂದಿಯಿಂದ ಕಾಣುತ್ತದೆ. ಪೆನ್ನಿನ ಮುಚ್ಚಳ ತೆಗೆದುಕೊಂಡು ಕೂತಿದ್ದಾಳೆ. ನಿನ್ನ ಸಹಿ ಬೇಡ ಅಕ್ಕಾ, ಇದಕ್ಕೆ ನಾನೊಬ್ಬಳೇ ಸಾಕು ಅಂತ ಹೋಗಿ ಹೇಳಬೇಕು. ಈಗಲೇ ಹೇಳಬೇಕು. ಅದಕ್ಕೂ ಮೊದಲು ನಿಜವಾಗಿ ಮುಖ ತೊಳೆಯಬೇಕು.