ಆರೋ ಒಂಬತ್ತೋ

ಶುಕ್ರವಾರ, ಬೆಳಿಗ್ಗೆ ಹನ್ನೊಂದು
ನಿನ್ನ ಹೊಲಿಗೆ ಅಂಗಡಿಯ ಮೆಟ್ಟಿಲು

ಅಕ್ಕಾ,

ನಮಸ್ಕಾರ, ಕುಶಲ ಎಲ್ಲ ಆಮೇಲೆ. ಫ್ರಿಜ್ಜಿನಲ್ಲಿ ನಿನ್ನ ಇನ್ಸುಲಿನ್ ಪಕ್ಕ ನಾನು ಸೋಮವಾರ ಇಟ್ಟುಹೋದ ಪುಟ್ಟ ಸೀಸೆಯನ್ನು ಮುಟ್ಟಬೇಡ. ಈಗಾಗಲೇ ಚುಚ್ಚಿಕೊಂಡಿದ್ದರೆ ಓದುತ್ತಾ ಕೂರಬೇಡ, ಆಸ್ಪತ್ರೆಗೆ ಓಡು.

ಬಾಗಿಲಿಗೆ ಬೀಗ ಇದೆ. ಒಳಗೆ ನಿನ್ನ ಫೋನು ಬಡಿದುಕೊಳ್ಳುತ್ತಿದೆ. ನೀನು ಎಂಟು ಗಂಟೆಗೇ ಹೊರಟೆ, ಇವತ್ತು ಕುಂಟಲೇ ಇಲ್ಲ, ದಡದಡ ನಡೆದುಬಿಟ್ಟೆ ಎಂದು ಎದುರಿನ ಇಸ್ತ್ರಿಯವರು ಖುಷಿಯಿಂದ ಹೇಳಿದರು. ಎರಡು ವರ್ಷದಿಂದ ಪಾದ ಉರಿದು ಮೆಷಿನ್ ತುಳಿಯಲಾಗದವಳು ಕುಂಟದೆ ನಡೆದಳು ಎಂದರೆ ಸೀಸೆ ತೆರೆದಿದ್ದೀಯಾ?

ನಿನಗೆ ಅರ್ಥವಾಗುವ ಹಾಗೆ ಹೇಳುತ್ತೇನೆ. ನಮ್ಮ ಸಮುದ್ರದ ಬಸವನಹುಳು ಮೀನಿಗೆ ಚುಚ್ಚುವ ವಿಷದಲ್ಲಿ ಒಂದು ಸಣ್ಣ ಸರ ಇದೆ, ಹದಿನಾರೇ ಮಣಿ. ಅವುಗಳಲ್ಲಿ ನಾಲ್ಕು ಮಣಿ ಒಂದಕ್ಕೊಂದು ಸಿಕ್ಕಿಕೊಳ್ಳುವ ಹುಕ್ಕಿನ ಹಾಗೆ. ಒಂದನೆಯದು ಮೂರಕ್ಕೆ, ಎರಡನೆಯದು ನಾಲ್ಕಕ್ಕೆ ಕೂಡಿದರೆ ಅದು ನೋವಿನ ನರವನ್ನಷ್ಟೇ ಸುಮ್ಮನಾಗಿಸುತ್ತದೆ. ಒಂದು ನಾಲ್ಕಕ್ಕೆ, ಎರಡು ಮೂರಕ್ಕೆ ಕೂಡಿದರೆ ಕಥೆಯೇ ಬೇರೆ. ತೂಗಿದರೆ ಎರಡೂ ಒಂದೇ ತೂಕ, ಯಂತ್ರಕ್ಕೂ ವ್ಯತ್ಯಾಸ ಗೊತ್ತಾಗುವುದಿಲ್ಲ. ಬಟ್ಟೆಯೂ ಅದೇ, ಹುಕ್ಕೂ ಅದೇ, ಹಾಕಿದ್ದು ಮಾತ್ರ ಅಡ್ಡಾದಿಡ್ಡಿ. ಸರಿಯಾದದ್ದಕ್ಕೆ ೬ ಎಂದೂ, ಇನ್ನೊಂದಕ್ಕೆ ೯ ಎಂದೂ ಚೀಟಿ ಅಂಟಿಸಿದ್ದೆ. ನಾನು ಕೆಲಸ ಮಾಡುವ ಲ್ಯಾಬಿನಲ್ಲಿ ಕನ್ನಡ ಅಂಕಿ ಯಾರಿಗೂ ಓದಲು ಬರದು, ಅದೇ ನನ್ನ ಬೀಗ ಎಂದುಕೊಂಡಿದ್ದೆ.

ಇವತ್ತು ಹತ್ತು ಗಂಟೆಗೆ ಪೆಟ್ಟಿಗೆ ತೆಗೆದರೆ ಒಳಗೆ ಉಳಿದಿದ್ದು ೬ರ ಸೀಸೆ. ನಿನಗೆ ತಂದಿದ್ದು ೯.

೯ ಕೊಟ್ಟ ಇಲಿ ನಾಲ್ಕೇ ನಿಮಿಷಕ್ಕೆ ಉಸಿರು ನಿಲ್ಲಿಸಿತ್ತು. "ನಿನ್ನ ಆರು ಒಂಬತ್ತಾಗಿ ಊರು ಹಾಳಾಗುತ್ತದೆ" ಎಂದು ಚಿಕ್ಕಂದಿನಲ್ಲಿ ನನ್ನ ಸ್ಲೇಟು ನೋಡಿ ನಗುತ್ತಿದ್ದೆಯಲ್ಲ, ಈಗ ನಗು.

ಲ್ಯಾಬಿನ ಮೇಡಂ ಒಪ್ಪಿಯೇ ಕೊಟ್ಟರು ಎಂದು ನಿನಗೆ ಹೇಳಿದ್ದೆ. ಅದು ಸುಳ್ಳು. ಕದ್ದು ತಂದೆ. ಆ ಸೀಸೆಯಲ್ಲಿದ್ದುದನ್ನು ಇದುವರೆಗೆ ಯಾವ ಮನುಷ್ಯರಿಗೂ ಕೊಟ್ಟಿಲ್ಲ. ನಿನ್ನ ನೋವು ನೋಡಲಾಗದೆ ತಂದೆ ಎಂದಿದ್ದೂ ಅರ್ಧ ಸುಳ್ಳು. ಆರು ವರ್ಷ ಇಲಿಗಳ ಮೇಲೆಯೇ ಕಳೆದವಳಿಗೆ ಮನುಷ್ಯರ ಮೇಲೆ ಕೆಲಸ ಮಾಡುತ್ತದೋ ಇಲ್ಲವೋ ಎಂದು ನೋಡುವ ಚಪಲವಿತ್ತು. ನೀನು ಕೈಗೆ ಸಿಕ್ಕಿದೆ. ಇದನ್ನು ಬರೆಯಲು ನಾಚಿಕೆಯಾಗುತ್ತಿದೆ.

ಮಂಗಳವಾರ ನೀನು ಎರಡು ಸಲ ಕರೆ ಮಾಡಿದ್ದೆ. ತಣ್ಣನೆಯ ಕೋಣೆಯಲ್ಲಿದ್ದೆ, ಕೇಳಿಸಲಿಲ್ಲ.

ಇದನ್ನು ಬಾಗಿಲ ಕೆಳಗೆ ತೂರಿಸಿ ಆಸ್ಪತ್ರೆಗಳನ್ನು ಹುಡುಕಲು ಹೋಗುತ್ತೇನೆ. ಬದುಕಿರು ಅಕ್ಕಾ.

ನಿನ್ನ
ಮೊಂಡಿ


ಶುಕ್ರವಾರ, ಸಂಜೆ

ಮೊಂಡಿಗೆ,

ಬದುಕಿದ್ದೇನೆ ಎಂದು ಫೋನಿನಲ್ಲಿ ಹೇಳಿ ಇಟ್ಟುಬಿಟ್ಟೆ. ಎದುರಿಗೆ ಬಂದರೆ ಎರಡು ಬಾರಿಸುತ್ತೇನೆ, ಅದಕ್ಕೇ ಮಿಕ್ಕಿದ್ದು ಕಾಗದದಲ್ಲಿ. ಇಸ್ತ್ರಿಯವರ ಕೈಲಿ ಕಳಿಸುತ್ತಿದ್ದೇನೆ.

ಬೆಳಿಗ್ಗೆ ಹೋಗಿದ್ದು ನಿನ್ನ ಲ್ಯಾಬಿಗೇ. ಕುಂಟದೆ ನಡೆದೆನಂತೆ. ಮೂರು ದಿನ ಕಾದರೂ ನೀನು ತಿರುಗಿ ಕರೆ ಮಾಡಲಿಲ್ಲ ಎಂದು ಸಿಟ್ಟು ನೆತ್ತಿಗೇರಿದಾಗ ಪಾದದ ಉರಿ ಎಲ್ಲಿ ಗೊತ್ತಾಗುತ್ತದೆ? ಸೀಸೆಯನ್ನು ಮೇಡಂ ಮೇಜಿನ ಮೇಲೆ ಇಟ್ಟೆ. ಅವರು ಚೀಟಿಯನ್ನು ಆ ಕಡೆ ಈ ಕಡೆ ತಿರುಗಿಸಿ ಇದೇನು ಎಂದು ಕೇಳಿದರು. "ಒಂಬತ್ತು," ಅಂದೆ. "ಬರೆಯೋಕೆ ಕಲಿಸಿದವಳು ನಾನೇ. ತಪ್ಪಿನಲ್ಲಿ ನನ್ನ ಪಾಲೂ ಇದೆ."

ಸೋಮವಾರ ನೀನು ನೋಟುಬುಕ್ಕು ಹಿಡಿದು ಬರಬೇಕಂತೆ. ಕೆಲಸ ಉಳಿಯುತ್ತದೆ ಎಂದು ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ. ಹೋಗಿ ಎಲ್ಲವನ್ನೂ ಬಾಯಿಬಿಟ್ಟು ಹೇಳು.

ನಿನ್ನ ಚಪಲದ ಮಾತನ್ನು ನಾನು ಮರೆಯುವುದಿಲ್ಲ. ಆದರೆ ಆರು ತಿಂಗಳು ಒಂದೇ ಒಂದು ಹನಿ ತಂದುಕೊಡು ಎಂದು ನಿನ್ನ ಪ್ರಾಣ ತಿಂದವಳು ನಾನು. ಒಂದು ಕೈಯಲ್ಲಿ ಚಪ್ಪಾಳೆಯಾಗುವುದಿಲ್ಲ.

ಅಕ್ಕ

ಮರೆತಿದ್ದೆ: ಮಂಗಳವಾರ ಸಿರಿಂಜಿಗೆ ತುಂಬಿಯೂ ಆಗಿತ್ತು. ಹೊಟ್ಟೆಯ ಚರ್ಮ ಎತ್ತಿ ಹಿಡಿದಾಗ ಚೀಟಿ ಕಣ್ಣಿಗೆ ಬಿತ್ತು. ನೀನು ಬಾಯಲ್ಲಿ ಆರು ಎಂದಿದ್ದೆ, ಅಲ್ಲಿದ್ದದ್ದು ಒಂಬತ್ತರ ಬಾಲ. ಕೇಳಿಯೇ ಚುಚ್ಚಿಕೊಳ್ಳೋಣ ಎಂದು ಕರೆ ಮಾಡಿದೆ. ಕೇಳಿಸದಿದ್ದರೆ ಫೋನು ಕೊನೆಯವರೆಗೂ ಬಡಿದುಕೊಳ್ಳುತ್ತದೆ ಕಣೇ. ನಿನ್ನದು ಎರಡು ಸಲವೂ ಎರಡನೇ ರಿಂಗಿಗೇ ಕಟ್ಟಾಯಿತು. ಯಾಕೆ ಕಟ್ ಮಾಡಿದೆ ಎನ್ನುವುದೊಂದನ್ನು ಕಾಗದದಲ್ಲಿ ಬರೆಯಬೇಡ, ಬಂದು ಹೇಳು.