ಗಂಗಲಕ್ಷ್ಮಮ್ಮನವರ ‘ಸ್ವಲ್ಪ’

೧೭ ನವೆಂಬರ್ ೧೯೮೭, ಮಂಗಳವಾರ

ಗಂಗಲಕ್ಷ್ಮಮ್ಮ ಸುಳ್ಳು ಹೇಳುತ್ತಿದ್ದಾರೆಂಬ ಅನುಮಾನ ನನಗೆ ಮೊದಲಿನಿಂದಲೂ ಇತ್ತು. ಉಬ್ಬಸ ಹೇಗಿದೆ ಎಂಬ ನಮ್ಮ ಆಸ್ಪತ್ರೆಯ ಪ್ರಶ್ನೆಗೆ ಪ್ರತಿ ವಾರವೂ ‘ಸ್ವಲ್ಪ ಇದೆ’ ಎಂದೇ ಬರೆಸುತ್ತಾರೆ. ರೋಗಿಗಳು ಹೇಳುವುದಕ್ಕೂ ಮನೆಯಲ್ಲಿ ಅವರು ಇರುವುದಕ್ಕೂ ತಾಳೆಯಾಗುತ್ತದೆಯೇ ಎಂದು ನೋಡುವುದೇ ನನ್ನ ಕೆಲಸ. ಅದಕ್ಕೇ ಇವತ್ತು ಹೇಳದೆ ಕೇಳದೆ ಕೆಂಗೇರಿ ಉಪನಗರದ ಅವರ ಮನೆಗೆ ಹೋದೆ.

ತುಂಬಿದ ಬಿಂದಿಗೆ ಸೊಂಟಕ್ಕಿಟ್ಟುಕೊಂಡು, ಪಕ್ಕದ ಮನೆಯವಳನ್ನು ಬೈಯುತ್ತಾ ಮಹಡಿ ಹತ್ತುತ್ತಿದ್ದರು. ಏದುಸಿರು ಕೂಡ ಇಲ್ಲ! ಪುಕ್ಕಟೆ ಮಾತ್ರೆಯ ಆಸೆ ಎಂದುಕೊಂಡು ನೇರವಾಗಿ ಕೇಳಿಯೇಬಿಟ್ಟೆ.

“ವಾಸಿಯಾಗಿ ತಿಂಗಳಾಯ್ತು. ಹಾಗಂತ ಬಾಯಿಬಿಟ್ಟು ಹೇಳ್ತಾರೇನಮ್ಮಾ? ದೃಷ್ಟಿ ಆಗಲ್ವಾ?” ಎಂದರು.

ಆ ‘ಸ್ವಲ್ಪ’ವನ್ನು ನಂಬಿಯೇ ಡಾಕ್ಟರು ಹೋದ ವಾರ ಇವರ ಮಾತ್ರೆ ಹೆಚ್ಚಿಸಿದ್ದು. ಈಗ ಕೈ ನಡುಗುತ್ತದಂತೆ. ಅದನ್ನು ನಾವು ಕೇಳಿಯೇ ಇಲ್ಲ. ಉಳಿದವರ ‘ಸ್ವಲ್ಪ’ಗಳಲ್ಲಿ ಉಬ್ಬಸ ಎಷ್ಟು, ದೃಷ್ಟಿಯ ಭಯ ಎಷ್ಟು? ಇನ್ನು ಯಾರ ಮಾತನ್ನೂ ನಂಬುವ ಹಾಗಿಲ್ಲ.

ಊಟಕ್ಕೆ ಕೂತಾಗ ತಂಗಿ ಪಂಕಜಾ ಕೇಳಿದಳು: “ಬೆಳಿಗ್ಗೆ ತಲೆನೋವು ಅಂತಿದ್ಯಲ್ಲ, ಹೋಯ್ತೇನೇ ಅಕ್ಕ?”

ಮಧ್ಯಾಹ್ನವೇ ಹೋಗಿತ್ತು.

“ಸ್ವಲ್ಪ ಇದೆ ಕಣೇ” ಎಂದೆ.