ಒಂದು ಹಿಡಿ ನೀಲಿ ಮಣ್ಣು

ಲೀಡ್ಸ್
೧೮ ಫೆಬ್ರುವರಿ ೨೦೦೧, ರವಿವಾರ

ಪ್ರೀತಿಯ ಪಂಚಾಕ್ಷರಿ,

ಶರಣು. ನಿನಗೂ, ಮನ್ಯಾಗಿನ ಎಲ್ಲಾರಿಗೂ, ಅವ್ವನ ಪಾದಕ್ಕೂ. ಅಕ್ಟೋಬರ್‌ದಾಗ ನೀ ಬರೆದ ಪತ್ರಕ್ಕ ಫೆಬ್ರುವರಿದಾಗ ಉತ್ತರ ಬರಿಯಾಕತ್ತೇನಿ. ಬೈತೀ ಅಂತ ಗೊತ್ತು, ಬೈ. ಧಾರವಾಡ ಕೃಷಿ ಕಾಲೇಜಿನ ಹಾಸ್ಟೆಲ್‌ನಾಗ ನೀ ನನ್ನ ಬೈಯದ ದಿನಾ ಯಾವುದಿತ್ತು ಹೇಳು? ನಿನ್ನ ತಂಗಿನ್ನ ಮಾಡ್ಕೊಂಡ ಮ್ಯಾಲ ಸ್ವಲ್ಪ ಮರ್ಯಾದಿ ಕೊಡಾಕ ಹತ್ತಿದಿ, ಅಷ್ಟ. ಈಗ ಆಕಿ ಇಲ್ಲ. ಮರ್ಯಾದಿ ಬಾಜೂಕಿಟ್ಟು ಬೈ.

ನೀ ಕೇಳಿದ್ದು ದೊಡ್ಡದೇನಲ್ಲ. ಮಹಾದೇವಿನ್ನ ಇಟ್ಟ ಜಾಗಾದ್ದು ಒಂದು ಹಿಡಿ ಮಣ್ಣು. ಶಿವರಾತ್ರಿ ದಿನಾ ನವಲಗುಂದದ ಹೊಲದಾಗ ನಿಮ್ಮಪ್ಪನ ಗದ್ದಿಗಿ ಮಗ್ಗಲಕ ಅದನ್ನ ಇಟ್ಟು ಪೂಜಾ ಮಾಡಬೇಕು ಅನ್ನೋದು ಅವ್ವನ ಆಸೆ. ಅದರ ಕೆಳಗ ನೀ ಇನ್ನೊಂದು ಸಾಲು ಬರದಿದ್ದಿ. "ನನ್ನ ಮಗಳು ಕುಂತ ಜಾಗಾ ಒಣಾ ಐತೇನು ಅಂತ ಅವ್ವ ದಿನಾ ಕೇಳ್ತಾಳ" ಅಂತ. ಆ ಸಾಲಿಗೆ ಉತ್ತರ ಬರಿಯಾಕ ನನಗ ನಾಕು ತಿಂಗಳು ಹಿಡೀತು.

ಭಾಗ್ಯ ಆರಾಮ ಅದಾಳ. ಮ್ಯಾಂಚೆಸ್ಟರ್‌ನ ಫಾಲೋಫೀಲ್ಡ್‌ದಾಗ ಇನ್ನೂ ಮೂರು ಹುಡುಗ್ಯಾರ ಜೋಡಿ ಒಂದು ಹಳೇ ಮನ್ಯಾಗ ಇರ್ತಾಳ, ಶನಿವಾರ ಬಂತಂದ್ರ ಟ್ರೇನ್ ಹತ್ತಿ ನನ್ನ ಕಡೆ ಬರ್ತಾಳ. ನಾ ಕನ್ನಡದಾಗ ಕೇಳಿದ್ದಕ್ಕ ಇಂಗ್ಲೀಷಿನಾಗ ಉತ್ತರ ಕೊಡೋದು ಮಾತ್ರ ಬಿಟ್ಟಿಲ್ಲ. ಅವ್ವಗ ಹೇಳು, ಮೊಮ್ಮಗಳು ರೊಟ್ಟಿ ಬಡಿಯಾಕ ಕಲ್ತಾಳ. ದಪ್ಪ ಆಗ್ತಾವು, ಆದ್ರ ಹರಿಯೂದಿಲ್ಲ.

ಮಹಾದೇವಿನ್ನ ಲೀಡ್ಸಿನಾಗ ಬಿಟ್ಟು ಸೆಲ್ಬಿ ಕಡೆ ಒಂದು ಹಳ್ಳಿಯೊಳಗ ಯಾಕಿಟ್ಟಿ ಅಂತ ನೀ ಆವಾಗ ಫೋನ್‌ನಾಗ ಕೇಳಿದ್ದಿ. ಲೈನ್ ಸರಿ ಇರ್ಲಿಲ್ಲ, ನನ್ನ ದನಿನೂ ಸರಿ ಇರ್ಲಿಲ್ಲ. ಈಗ ಹೇಳ್ತೇನಿ ಕೇಳು.

ಇಪ್ಪತ್ನಾಕು ವರ್ಷ ಡ್ರೇನೇಜ್ ಆಫೀಸಿನ ಪರವಾಗಿ ನಾ ಮಣ್ಣು ನೋಡಿದ್ದು ಅದೇ ಬಯಲೊಳಗ. ಹೊಲದಿಂದ ನೀರು ಹೆಂಗ ಹೊರಗ ಹಾಕೂದು ಅನ್ನೋದೇ ಅಲ್ಲಿ ರೈತರ ಬದುಕು. ಹಿಮದ ಕಾಲದಾಗ ನದಿ ಸಮುದ್ರಕ್ಕ ಹೋಗೋ ದಾರಿಗೆ ಬರ್ಫ ಅಡ್ಡ ಕುಂತು ಅಲ್ಲೊಂದು ದೊಡ್ಡ ಕೆರಿ ಆಗಿತ್ತು. ಬ್ಯಾಸಗಿಯಾಗ ರವೆಯಂಥಾ ಬೆಳ್ಳನ್ನ ಮಣ್ಣು, ಚಳಿಗಾಲದಾಗ ಅರಿಷಿಣದ ಪುಡಿಗಿಂತ ಸಣ್ಣಂದು, ಕರೇದು, ತಳಕ್ಕ ಇಳೀತಿತ್ತು. ಒಂದು ವರ್ಷಕ್ಕ ಎರಡು ಪದರು. ಬರ್ಫ ಕರಗಿ ಕೆರಿ ಹೋಗಿ ಸಾವಿರಾರು ವರ್ಷ ಆತು. ಆದ್ರ ಆ ಜೇಡಿ ಒಮ್ಮೆ ನೀರು ಕುಡೀತಂದ್ರ ಬಿಡೂದಿಲ್ಲ. ನೆಲ ನೋಡಾಕ ತಟ್ಟಿಹಂಗ ಸಪಾಟು, ನೀರು ಹೋಗೋದಾದ್ರೂ ಎಲ್ಲಿಗೆ? ಅದಕ್ಕ ಹೊಲದ ಕೆಳಗ ಸುಟ್ಟ ಮಣ್ಣಿನ ಕೊಳವಿ ಹಾಕಿ ಬಸಿಗಾಲುವಿಗೆ ಬಿಡ್ತಾರ. ಆ ಕೊಳವಿ ಎಲ್ಲಿ ಹಾಕಬೇಕು, ಎಷ್ಟು ಆಳ ಹಾಕಬೇಕು ಅಂತ ಹೇಳೋದೇ ನನ್ನ ಕೆಲಸ.

ಹೋದ ಆಗಸ್ಟಿನಾಗ, ಡಾಕ್ಟರು ಇನ್ನ ನಮ್ಮ ಕೈಯಾಗಿಲ್ಲ ಅಂದ ಮ್ಯಾಲ, ಒಂದು ದಿನಾ ಮಹಾದೇವಿ "ರೀ, ನಿಮ್ಮ ಹೊಲಾ ತೋರಿಸ್ರಿ" ಅಂದ್ಲು. ಇಷ್ಟು ವರ್ಷದಾಗ ಎಂದೂ ಕೇಳಿದಾಕಿ ಅಲ್ಲ. ಕಾರಿನಾಗ ಕರ್ಕೊಂಡು ಹೋದೆ. ಮೂರು ವಾರ ಮಳಿ ಬಂದಿದ್ದಿಲ್ಲ. ಗೋದಿ ಕೊಯ್ದಾಗಿತ್ತು. ನೆಲ ಬಾಯಿ ತಗದಿತ್ತು, ಪಂಚಾಕ್ಷರಿ, ಥೇಟ್ ನಮ್ಮ ಎರಿಹೊಲ ಏಪ್ರಿಲ್‌ದಾಗ ತಗಿತೈತಲ್ಲ, ಹಂಗ. ಆಕಿ ಮೆಲ್ಲಕ ಕುಂತು ಬಿರುಕಿನಾಗ ಮಣಿಕಟ್ಟಿನ ತನಕಾ ಕೈ ಹಾಕಿದ್ಲು. ಬಳಿ ಕಾಣಲಾರದಂಗ ಆದ್ವು. ಸಣ್ಣಾಕಿದ್ದಾಗ ನೀನೂ ಆಕಿನೂ ಬಿರುಕಿನಾಗ ಹುಣಸಿ ಬೀಜ ಹಾಕಿ ಕಳಕೊಂಡು ಅಪ್ಪನ ಕಡಿಂದ ಬೈಸ್ಕೊಂಡದ್ದು ಹೇಳಿ ನಕ್ಕಳು. ಆ ನಗು ನಾ ಆರು ತಿಂಗಳಿಂದ ಕೇಳಿದ್ದಿಲ್ಲ. "ಇದು ನಮ್ಮ ಎರಿನs ನೋಡ್ರಿ. ನನ್ನ ಇಲ್ಲೇ ಇಟ್ಟುಬಿಡ್ರಿ" ಅಂದ್ಲು.

ಆ ಹೊಲದ ಬದುವಿನ ಆಚೆ ಹಳ್ಳಿಯವ್ರ ಸ್ಮಶಾನ ಇತ್ತು. ಬ್ಯಾಸಗಿ ಬಿರುಕು ನೋಡಿ ನಾನೂ ಮೋಸ ಹೋದೆ. ಅಲ್ಲೇ ಜಾಗಾ ಕೇಳಿದೆ, ಕೊಟ್ರು. ಗುಂಡಿ ತೋಡೋ ಮುದುಕ ವಾಲ್ಟರ್‌ಗ ನಮ್ಮಲ್ಲಿ ಕುಂಡ್ರಿಸಿ ಇಡ್ತೀವಿ ಅಂತ ಹೇಳಿದಾಗ ಅವ ಟೊಪಿಗಿ ತಗದು ತಲಿ ತುರಿಸಿಕೊಂಡ. "ನಲವತ್ತು ವರ್ಷದಾಗ ಎಲ್ಲಾರ್ನೂ ಮಲಗಿಸೇನಿ. ಇವ್ರು ಕುಂತಿರ್ತಾರಂದ್ರ ಅಗಲ ತೋಡ್ತೇನಿ, ಚಿಂತಿ ಮಾಡಬ್ಯಾಡ್ರಿ" ಅಂದ. ಒಳ್ಳೆ ಮನುಷ್ಯಾ. ವುಲ್ವರ್‌ಹ್ಯಾಂಪ್ಟನ್ ಆಸ್ಪತ್ರಿಯ ಡಾಕ್ಟರ್ ಈಶ್ವರಪ್ಪ ಹಿರೇಮಠದ ಮನೆತನದವ್ರು, ಸೆಪ್ಟೆಂಬರ್‌ದಾಗ ಆಕಿನ್ನ ಇಟ್ಟ ದಿನಾ ಅವರೇ ಅಯ್ಯನೋರ ಸ್ಥಾನದಾಗ ನಿಂತು ಎಲ್ಲಾ ನಡಿಸಿಕೊಟ್ರು. ಎತ್ತರದ ಪೆಟ್ಟಿಗಿಯೊಳಗ ಕುಂಡ್ರಿಸಿ, ಎಡಗೈಯಾಗ ಇಷ್ಟಲಿಂಗ ಇಟ್ಟು, ವಿಭೂತಿ, ಪತ್ರಿ ಎಲ್ಲಾ ಹಾಕಿದ್ವಿ. ಗುಂಡಿ ಒಣಾ ಇತ್ತು. ಇದನ್ನ ಅವ್ವಗ ಹೇಳು. ಆ ದಿನಾ ಒಂದು ಹನಿ ನೀರಿದ್ದಿಲ್ಲ.

ಅಕ್ಟೋಬರ್‌ಕ್ಕ ಮಳಿ ಹಿಡೀತು. ನವೆಂಬರ್‌ದಾಗ ಈ ಕಡೆ ಹೊಳಿಗೆ ಮಹಾಪೂರ ಬಂದು ಮನಿಗಳೊಳಗ ನೀರು ಹೊಕ್ಕದ್ದು ನೀನೂ ಪೇಪರಿನಾಗ ಓದಿರಬೇಕು. ನಾನೂ ಭಾಗ್ಯನೂ ಹೋಗಿ ನೋಡಿದ್ರ ಸ್ಮಶಾನದ ಹುಲ್ಲಿನ ಮ್ಯಾಲ ಪಾದ ಮುಳುಗೋ ನೀರು. ಭಾಗ್ಯ ಕಾರಿನಾಗ ಕುಂತ ಮ್ಯಾಲ ಕೇಳಿದ್ಲು, ಅದೂ ಕನ್ನಡದಾಗ: "ಅಪ್ಪಾ, ಅಮ್ಮ ನೀರಾಗ ಅದಾಳೇನು?" ನಾ ಇಲ್ಲ ಅಂದೆ. ಮ್ಯಾಲಿನ ನೀರು ಅಷ್ಟ, ಒಳಗ ಇಳಿಯೂದಿಲ್ಲ ಅಂದೆ. ಮಣ್ಣು ಓದಿದ ಅಪ್ಪ ಹೇಳಿದ್ಮ್ಯಾಲ ಮುಗೀತು, ಕೂಸು ನಂಬಿತು.

ನೀ ಮಣ್ಣು ಕೇಳಿದ ಪತ್ರ ಅಷ್ಟೊತ್ತಿಗೆ ಬಂದಿತ್ತು. ನನಗ ಬಂದ ಅಂಜಿಕಿ ಏನಂತ ನಿನಗ ಬಿಡಿಸಿ ಹೇಳಬೇಕಿಲ್ಲ. ಬ್ಯಾರೆ ಯಾರಾದ್ರೂ ಆಗಿದ್ರ ಒಂದು ಹಿಡಿ ಮಣ್ಣನ್ನ ಹಣಿಗೆ ಹಚ್ಚಿಕೊಂಡು ಸುಮ್ನಾಗ್ತಿದ್ರು. ನೀ ಹಂಗಲ್ಲ. ನೀನೂ ನಾನೂ ಒಂದೇ ಬೆಂಚಿನ ಮ್ಯಾಲ ಕುಂತು, ಮಣ್ಣಿನ ಬಣ್ಣ ನೋಡಿ ಅದರ ಜಾತಕ ಹೇಳೋದು ಕಲ್ತವ್ರು. ಬೂದಿ ಬಣ್ಣದಾಗ ತುಕ್ಕಿನ ಚುಕ್ಕಿ ಕಂಡ್ರ ವರ್ಷದಾಗ ಇಂತಿಷ್ಟು ತಿಂಗಳು ನೀರು ನಿಂದರ್ತೈತಿ ಅಂತ ನೀ ಕಣ್ಣು ಮುಚ್ಚಿ ಹೇಳ್ತೀ. ನೀಲಿ ಕಂಡ್ರ ಅಲ್ಲಿ ಎಂದೂ ಗಾಳಿ ಆಡೂದಿಲ್ಲ ಅಂತ ಹೇಳ್ತೀ.

ನಾಚಿಗಿಗೇಡಿ ಕೆಲಸಾ ಒಂದು ಮಾಡಿದೆ. ಜನವರಿಯಾಗ ನಮ್ಮ ಹಿತ್ತಲದಾಗ ಆಕಿ ಮೆಂತೇದ ಪಲ್ಯಾ ಬೆಳೀತಿದ್ದ ಮಡಿಯಿಂದ ಛಂದನ್ನ ಕಂದು ಮಣ್ಣು ತಗದು ಬಿಳೇ ಅರಿವ್ಯಾಗ ಗಂಟು ಕಟ್ಟಿದೆ. ಆಕಿ ಕೈ ಆಡಿಸಿದ ಮಣ್ಣೇ ಅಲ್ಲೇನು ಅಂತ ನನಗ ನಾನೇ ಸಮಾಧಾನ ಹೇಳ್ಕೊಂಡೆ. ಭಾಗ್ಯ ನೋಡಿದ್ಲು. "ಅದು ಅಮ್ಮನ ಹತ್ತಿರದ್ದಲ್ಲ" ಅಂತ ಇಂಗ್ಲೀಷಿನಾಗ ಅಂದು ಒಳಗ ಹೋದ್ಲು. ಗಂಟು ಬಿಚ್ಚಿ ಮಣ್ಣು ಮಡಿಗೇ ಸುರುವಿದೆ.

ನಿನ್ನೆ ನೆಲ ಕೊರದು ಮಣ್ಣು ತಗಿಯೋ ಬೈರಿಗಿ ತಗೊಂಡು ಹೋದೆ, ಇಷ್ಟು ವರ್ಷ ಊರವರ ಹೊಲಕ್ಕ ಹಾಕಿದ ಅದೇ ಬೈರಿಗಿ. ವಾಲ್ಟರ್ ಪರವಾನಗಿ ಕೇಳ್ಕೊಂಡು ಬಂದು ತಾನೂ ಬಾಜೂಕ ನಿಂತ. ಆಕಿ ಕಾಲಿನ ಕಡೆ ಒಂದು ಮಾರು ದೂರ ಬಿಟ್ಟು ಇಳಿಸಿದೆ. ಮೊದಲ ಒಂದಡಿ ಕಂದು. ಆಮ್ಯಾಲ ಬೂದಿ, ತುಕ್ಕಿನ ಚುಕ್ಕಿ. ನಾಕಡಿಗೆ ನೀಲಿ, ಕೈಗೆ ಬೆಣ್ಣಿಹಂಗ ಮೆತ್ತಗ, ಅದರಾಗ ಆ ಕೆರಿಯ ಪದರುಗಳು ಹಂಗs ಇದ್ವು. ಬೈರಿಗಿ ಎಳದು ನಿಂತೆ. ವಾಲ್ಟರ್ ಫ್ಲಾಸ್ಕಿನಾಗಿಂದ ಚಾ ಹಾಕಿಕೊಟ್ಟ. ಚಾ ಮುಗಿಯೂದ್ರೊಳಗ ತೂತಿನಾಗ ಗೇಣುದ್ದ ನೀರು ಬಂದಿತ್ತು. ಅವಗ ನನ್ನ ಮಾರಿ ನೋಡಿ ಏನನ್ನಿಸಿತೋ, ಸಮಾಧಾನ ಮಾಡಾಕ ಹೇಳಿದ: "ಈ ನೆಲ ಯಾವುದನ್ನೂ ಕೆಡಿಸೂದಿಲ್ಲ. ನಮ್ಮಪ್ಪ ಒಮ್ಮೆ ಆಳಕ್ಕ ತೋಡಿದಾಗ ಓಕ್ ಮರದ ಎಲಿ ಸಿಕ್ಕಿದ್ವು, ಎಷ್ಟು ಕಾಲದ್ದೋ ಏನೋ, ಇನ್ನೂ ಎಲಿನೇ ಆಗಿದ್ವು."

ಅವ ಒಳ್ಳೆದಕ್ಕ ಅಂದ. ನಾ ಅಲ್ಲೇ ಒದ್ದಿ ಹುಲ್ಲಿನ ಮ್ಯಾಲ ಕುಂತು ಅತ್ತೆ. ಮಣ್ಣಿಂದ ಬಂದದ್ದು ಮಣ್ಣಾಗಬೇಕು ಅಂತ ಅಲ್ಲೇನೋ ನಾವು ಸುಡಲಾರದ ಇಡೋದು? ಆಕಿ ಮಣ್ಣಾಗೂದಿಲ್ಲ, ಪಂಚಾಕ್ಷರಿ. ಗಾಳಿ ಇಲ್ಲದ ನೀರಾಗ, ಆ ತಂಪಿನಾಗ, ಅಂಗೈ ಮುಂದ ಚಾಚಿಕೊಂಡು ಹಂಗs ಕುಂತಿರ್ತಾಳ. ಚಳಿಗಾಲಕ್ಕ ಎರಡೆರಡು ಸ್ವೆಟರ್ ಹಾಕ್ಕೊಳ್ಳಾಕಿ.

ಭಾಗ್ಯಗ ರಾತ್ರಿ ಊಟದ ಮುಂದ ಎಲ್ಲಾ ಹೇಳಿದೆ. ಸರ್ಕಾರದ ಪರವಾನಗಿ ತಗೊಂಡು ಇಟ್ಟವ್ರನ್ನ ಮ್ಯಾಲೆತ್ತಬಹುದಂತ, ಆಕಿನೇ ಲೈಬ್ರರಿಯಾಗ ಹುಡುಕಿ ತಿಳ್ಕೊಂಡಿದ್ಲು. ನನ್ನ ಮಾತು ನವೆಂಬರ್‌ದಾಗ ಕೂಸು ನಂಬಿತು ಅಂದ್ಕೊಂಡಿದ್ದೆ, ನಂಬಿದ್ದಿಲ್ಲ. ಈಗ ನಿನಗ ಕೇಳ್ತೇನಿ. ನೀ ಅಣ್ಣ, ಅವ್ವ ಇನ್ನೂ ಅದಾಳ, ಹೇಳೋ ಹಕ್ಕು ನಿಮ್ಮದು. ತಂಗಿನ್ನ ಊರಿಗೆ ತಗೊಂಡು ಬಾ ಅಂದ್ರ ತರ್ತೇನಿ, ಎಷ್ಟು ತಿಂಗಳಾಗ್ಲಿ, ಎಷ್ಟು ಕಚೇರಿ ತಿರುಗೂದಾಗ್ಲಿ. ಕುಂತಾಕಿನ್ನ ಎಬ್ಬಿಸಬ್ಯಾಡ ಅಂದ್ರ ಬಿಡ್ತೇನಿ. ನನಗ ನಿರ್ಧಾರ ಮಾಡೋ ಶಕ್ತಿ ಇಲ್ಲ.

ನಿನ್ನೆ ತಗದ ಆ ನಾಕಡಿಯ ಮಣ್ಣನ್ನೇ ಗಂಟು ಕಟ್ಟೇನಿ. ಡಾಕ್ಟರ್ ಈಶ್ವರಪ್ಪ ನಾಳೆ ಹುಬ್ಬಳ್ಳಿಗೆ ಹೊಂಟಾರ, ಇವತ್ತು ಮಧ್ಯಾಹ್ನ ಬಂದು ಗಂಟೂ ಪತ್ರಾನೂ ಒಯ್ತಾರ. ಶಿವರಾತ್ರಿಗೆ ನಿನಗ ಮುಟ್ಟತೈತಿ. ಅವ್ವಗ ಏನು ಹೇಳಬೇಕು, ಎಷ್ಟು ಹೇಳಬೇಕು, ನಿನಗ ಬಿಟ್ಟದ್ದು. ಮಕ್ಕಳಿಗೆ ನನ್ನ ಆಶೀರ್ವಾದ. ಎಲ್ಲಾರೂ ಆರೋಗ್ಯದಿಂದ ಇರ್ರಿ, ಬಸವಣ್ಣ ನಿಮ್ಮನ್ನ ಕಾಯಲಿ.

ನಿನ್ನ
ಸಂಗನಬಸಪ್ಪ

ತಾ.ಕ.: ಈಶ್ವರಪ್ಪನವರು ಬಂದು ಊಟಕ್ಕ ಕುಂತಾರ. ಲಕೋಟಿ ಅಂಟಿಸಿದ್ದೆ, ಹರದು ಮತ್ತ ಬರಿಯಾಕತ್ತೇನಿ.

ಬಿರುಕು ನೋಡಿ ಮೋಸ ಹೋದೆ ಅಂತ ಮ್ಯಾಲ ಬರದೇನಿ. ಅದು ಸುಳ್ಳು. ಆ ಬಯಲಿನ ಒಂದೊಂದು ಹೊಲದ ಒಡಲೂ ನನಗ ಗೊತ್ತಿತ್ತು. ಬಿರುಕಿನಾಗಿಂದ ಕೈ ತಗದ ಮ್ಯಾಲ ಆಕಿ ನನ್ನ ನೇರ ಕೇಳಿದ್ಲು: "ಮಳಿಗಾಲದಾಗ ಇಲ್ಲಿ ನೀರು ನಿಂದ್ರೂದಿಲ್ಲ, ಹೌದಲ್ರೀ?" ನಾ "ಇಲ್ಲ, ಒಣಾ ಇರ್ತೈತಿ" ಅಂದೆ. ನಿಂದರ್ತೈತಿ ಅಂದಿದ್ರ "ಹಂಗಾದ್ರ ನನ್ನ ನವಲಗುಂದಕ್ಕ ಒಯ್ಯಿರಿ" ಅಂತಿದ್ಲು. ನನಗ ಆಕಿ ಹತ್ತಿರ ಬೇಕಾಗಿದ್ಲು, ರವಿವಾರಕ್ಕೊಮ್ಮೆ ಹೋಗಿ ಬಾಜೂಕ ಕುಂಡ್ರಾಕ. ಮೂವತ್ತು ವರ್ಷದ ಸಂಸಾರದಾಗ ಆಕಿ ಮಣ್ಣಿನ ಬಗ್ಗೆ ನನ್ನ ಕೇಳಿದ್ದು ಅದೊಂದೇ ಪ್ರಶ್ನಿ.

ಇನ್ನೊಂದು. ನೀ ಗಂಟು ಬಿಚ್ಚೋ ಹೊತ್ತಿಗೆ ಗಾಳಿ ತಾಗಿ ಮ್ಯಾಲಿನ ಮಣ್ಣು ಕಂದು ಆಗಿರ್ತೈತಿ. ಒಳ್ಳೆ ಒಣಾ ನೆಲದ ಮಣ್ಣು ಅನ್ನಿಸ್ತೈತಿ. ನಂಬಬ್ಯಾಡ. ಹೆಂಟಿ ಮುರದು ನೋಡು, ನಡುವ ಇನ್ನೂ ನೀಲಿ ಇರ್ತೈತಿ.